ಘಟ್ಟದ ಮಾತು ಕೇಳುವವರಾರು?

ಬೆಂಗಳೂರಿನ ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯಲ್ಲಿ ಅರಣ್ಯ ಇಲಾಖೆಯ ಕೇಂದ್ರ ಕಚೇರಿ, ಅರಣ್ಯ ಭವನ. ನಡೆದೇ ಹೋಗುವಷ್ಟು ದೂರದಲ್ಲಿ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ. ಮಾಧವ ಗಾಡ್ಗೀಳ್ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದ್ದು ಅಲ್ಲೇ. ಪಶ್ಚಿಮ ಘಟ್ಟದ ಬಗ್ಗೆ ತಿಳಿದವರಿಗೆ ಈ ಊರಿನಲ್ಲಿ ಬರವಿಲ್ಲ. ಆದರೂ 2018ರಲ್ಲಿ ಕೊಡಗು ಕುಸಿಯಿತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿತು, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು.

ಗುಜರಾತಿನಿಂದ ತಮಿಳುನಾಡಿನವರೆಗೆ ಆರು ರಾಜ್ಯಗಳಿಗೆ ಸೇರಿದ ಒಂದೇ ಬೆಟ್ಟಸಾಲು ಇದು. ಕೇಂದ್ರ ನೇಮಿಸಿದ್ದ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಅದಕ್ಕೊಂದು ಶಾಸನಬದ್ಧ ಪಶ್ಚಿಮ ಘಟ್ಟ ಪ್ರಾಧಿಕಾರ ಬೇಕು, ಗ್ರಾಮಸಭೆಗಳ ಮಾತು ಕೇಳಿಯೇ ಪರಿಸರ ಸೂಕ್ಷ್ಮ ವಲಯಗಳ ಗಡಿ ಗುರುತಿಸಬೇಕು ಎಂದಿತ್ತು. ಕೇಂದ್ರ ಸರ್ಕಾರ ಆ ವರದಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು, 2012ರಲ್ಲಿ ನ್ಯಾಯಾಲಯದ ಮಾತಿನ ಮೇಲೆ ಬಿಡುಗಡೆ ಮಾಡಿತು. ಅಷ್ಟರಲ್ಲಿ ಮಲೆನಾಡಿಗೆ ವರದಿಗಿಂತ ಮೊದಲು ವದಂತಿ ತಲುಪಿತ್ತು: ತೋಟ ಹೋಗುತ್ತದೆ, ಮನೆ ಕಟ್ಟುವಂತಿಲ್ಲ, ಎತ್ತಂಗಡಿ ಗ್ಯಾರಂಟಿ. ಅದನ್ನು ಮರುಪರಿಶೀಲಿಸಲು ಕೇಂದ್ರ ನೇಮಿಸಿದ ಕಸ್ತೂರಿರಂಗನ್ ಸಮಿತಿಯ ವರದಿ ಬಿಗಿಯನ್ನು ಸಡಿಲಿಸಿ, ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಬೃಹತ್ ಕಟ್ಟಡಗಳನ್ನು ತಡೆಯಲು ಹೇಳಿತು. ಭೂಮಿಯ ಒಡೆತನಕ್ಕೆ ಧಕ್ಕೆಯಿಲ್ಲ ಎಂದರೂ ಯಾರೂ ನಂಬಲಿಲ್ಲ. ನಂಬಿಸುವ ಕೆಲಸವನ್ನು ಯಾರೂ ಮಾಡಿರಲೂ ಇಲ್ಲ.

2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಣ್ಣುಪಾಲಾದರು. ಮರುದಿನವೇ ಕೇಂದ್ರ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಮತ್ತೊಂದು ಕರಡು ಅಧಿಸೂಚನೆ ಹೊರಡಿಸಿತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 26ರಂದು, ಕರ್ನಾಟಕ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಬೇಡ ಎನ್ನುವ ಹಕ್ಕು ಸರ್ಕಾರಕ್ಕಿದೆ. ಬದಲಿಗೆ ಏನು ಎಂದು ಹೇಳುವ ಹೊಣೆಯೂ ಇತ್ತು.

ಇದು ಮಲೆನಾಡಿನವರ ತಲೆನೋವು ಎಂದು ಬಸವನಗುಡಿಯವರು, ಚಾಮರಾಜಪೇಟೆಯವರು ಸುಮ್ಮನಿರುವಂತಿಲ್ಲ. ಕಾವೇರಿ ನೀರು ಬಿಡುವ ದಿನ ನಸುಕಿನಲ್ಲೆದ್ದು ಸಂಪು ತುಂಬಿತೇ ಎಂದು ಮುಚ್ಚಳ ಎತ್ತಿ ನೋಡುತ್ತೇವಲ್ಲ, ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪಿನ ಬಲದಲ್ಲಿ ಏರಿ ಬಂದದ್ದು. ಅದರಲ್ಲಿ ಕೊಡಗಿನ ಮಳೆಯೂ ಇದೆ, ಕಬಿನಿ ಹೊತ್ತು ತರುವ ವಯನಾಡಿನ ಮಳೆಯೂ ಇದೆ. ಕೇರಳದ ಕಾಡು ಕಡಿದರೆ ಹನುಮಂತನಗರದ ನಲ್ಲಿಗೆ ಸಂಬಂಧವಿಲ್ಲ ಎನ್ನುವವರು ಒಮ್ಮೆ ಭೂಪಟ ನೋಡಲಿ. (ವಾರಾಂತ್ಯಕ್ಕೆ ಗುಡ್ಡ ಬಗೆದು ಕಟ್ಟಿದ ರೆಸಾರ್ಟಿಗೆ ಕಾರು ಹತ್ತುವವರೂ ನಾವೇ. ಗಾಂಧಿ ಬಜಾರಿನಲ್ಲಿ ಕಾಫಿ ಹೀರುತ್ತ ಬೆಳೆಗಾರನಿಗೆ ಪರಿಸರದ ಪಾಠ ಹೇಳುವ ಮೊದಲು ಅದೂ ನೆನಪಿರಲಿ.)

ಬೆಟ್ಟಕ್ಕಾಗಿ ಗಡಿ ಮೀರಿ ಒಟ್ಟಾಗುವುದು ಹೊಸದೇನಲ್ಲ. ಹಿಮಾಲಯ ಹಿಂದೂಕುಶ್ ಶ್ರೇಣಿಗಾಗಿ ಕಠ್ಮಂಡುವಿನಲ್ಲಿ ಎಂಟು ದೇಶಗಳ ಜಂಟಿ ಪರ್ವತಾಭಿವೃದ್ಧಿ ಸಂಸ್ಥೆ 1983ರಿಂದ ನಡೆಯುತ್ತಿದೆ. ಗಡಿಯಲ್ಲಿ ಬಂದೂಕು ಹಿಡಿದು ನಿಂತ ಭಾರತ, ಪಾಕಿಸ್ತಾನ, ಚೀನಾಗಳೂ ಅದರ ಸದಸ್ಯರು. ಒಂದೇ ಸಂವಿಧಾನದಡಿ ಬಾಳುವ ಆರು ರಾಜ್ಯಗಳಿಗೆ ಅಂಥದ್ದೊಂದು ಮೇಜು ಹಾಕಿಕೊಳ್ಳಲು ಆಗಿಲ್ಲವೆಂದರೆ ನಾಚಿಕೆಗೇಡು.

ಕರ್ನಾಟಕವೇ ಮೊದಲು ಕೈ ಚಾಚಲಿ. ಆರೂ ರಾಜ್ಯಗಳ ವಿಜ್ಞಾನಿಗಳನ್ನು ಮಲ್ಲೇಶ್ವರಕ್ಕೆ ಕರೆಸಲಿ. ಮಳೆ, ಇಳಿಜಾರು, ಕ್ವಾರಿ, ಕುಸಿತಗಳ ಮಾಹಿತಿ ಒಂದೆಡೆ ಸೇರಿ, ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆ ಮುಟ್ಟಲಿ. ಓದುಗರು ವೋಟು ಕೇಳಲು ಬರುವ ಶಾಸಕರನ್ನು ಮೋರಿ, ರಸ್ತೆಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬೇಕು: ವರದಿ ಬೇಡವೆಂದಿರಿ, ಘಟ್ಟ ಉಳಿಸಲು ನಿಮ್ಮ ಯೋಜನೆ ಎಲ್ಲಿದೆ?