ಡಮಾಮಿಯ ದನಿ

ಕಳೆದ ದೀಪಾವಳಿಯ ಸಂಜೆ ದುರ್ಗಿಗುಡಿಯ ನಮ್ಮ ಮನೆಯ ಜಗಲಿಯಲ್ಲಿ ಪಂಚಾಂಗವನ್ನು ತಿರುವುತ್ತ ಕುಳಿತಿದ್ದೆನು. ಒಳಗೆ ಮೊಮ್ಮಗಳ ಮೊಬೈಲಿನಿಂದ ಒಂದು ಹಾಡು ಮೊಳಗಿತು. "ಇದೇನಮ್ಮ ಗದ್ದಲ, ನಿಲ್ಲಿಸು" ಎಂದು ಗದರಿದೆನು. ಆಕೆಯು ನಿಲ್ಲಿಸದೆ ಹೊರಗೆ ಬಂದು, "ಅಜ್ಜ, ಬೈಯುವ ಮೊದಲು ಒಮ್ಮೆ ತಾಳ ಹಾಕಿ ನೋಡಿ" ಎಂದಳು. ಹಾಕಿದೆನು, ಎರಡು ಬಾರಿ ಕೈ ತಪ್ಪಿತು. ಮೂರನೆಯ ಬಾರಿ ಕೂಡಿದಾಗ, ಗದ್ದಲವೆಂದುದು ನನ್ನ ಕಿವಿಯ ದೋಷವೆಂದು ತಿಳಿಯಿತು.

ಆ ಹಾಡು 2021ರಲ್ಲಿ ತೆರೆಕಂಡ 'ಸಲಗ' ಎಂಬ ಚಲಚ್ಚಿತ್ರದ್ದು. ಸಂಗೀತ ಚರಣ್ ರಾಜ್ ಅವರದು. ಚನ್ನಕೇಶವರೊಡನೆ ಹಾಡಿದವರು ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ. ಗಿರಿಜಾ ಅವರು ನಮ್ಮ ಜಿಲ್ಲೆಯ ಹೆಗ್ಗೋಡಿನ ನೀನಾಸಮ್‌ನಲ್ಲಿಯೇ ರಂಗವಿದ್ಯೆಯನ್ನು ಕಲಿತವರು.

ಸಿದ್ದಿಯರು ಯಾರು? ಆಫ್ರಿಕಾ ಖಂಡದ ಪೂರ್ವತೀರದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದರು. ಅವರ ಸಂತತಿಯು ಯಲ್ಲಾಪುರ, ಹಳಿಯಾಳ, ಮುಂಡಗೋಡು ಮೊದಲಾದ ತಾಲೂಕುಗಳಲ್ಲಿ ನೆಲೆಸಿರುವುದು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. 2003ರಲ್ಲಿ ಸರ್ಕಾರವು ಅವರನ್ನು ಪರಿಶಿಷ್ಟ ಪಂಗಡವೆಂದು ಅಂಗೀಕರಿಸಿತು. ಪೂರ್ವಿಕರ ಭಾಷೆ ಅಳಿಯಿತು; ಕೊಂಕಣಿಯೂ ಕನ್ನಡವೂ ನಾಲಗೆಗೆ ಬಂದವು. ಅಳಿಯದೆ ಉಳಿದುದು ಡಮಾಮಿಯೆಂಬ ಚರ್ಮವಾದ್ಯದ ಲಯ. ಹಬ್ಬದಲ್ಲಿಯೂ ಮದುವೆಯಲ್ಲಿಯೂ ಅದರ ಬಡಿತಕ್ಕೆ ಹಾಡಿ ಕುಣಿದು, ಮಕ್ಕಳಿಗೆ ದಾಟಿಸಿದವರಲ್ಲಿ ಹೆಂಗಸರು ಮುಂದು.

ಮತಂಗಮುನಿಯು 'ಬೃಹದ್ದೇಶೀ' ಗ್ರಂಥದಲ್ಲಿ, ಜನರು ತಮ್ಮ ನಾಡಿನಲ್ಲಿ ಒಲಿದು ಹಾಡಿಕೊಳ್ಳುವ ಗಾನಕ್ಕೆ ದೇಶೀ ಎಂದು ಹೆಸರಿಟ್ಟನು. ಹಾಡುವವರನ್ನು ಎಣಿಸುವಾಗ ಹೆಂಗಸರನ್ನೇ ಮೊದಲು ಹೇಳಿದನು. ಈ ಲಕ್ಷಣವನ್ನು ನಾನು ಬಹುಕಾಲದಿಂದ ಬಲ್ಲೆನು. ಆದರೆ ಬಲ್ಲುದು ಬೇರೆ, ಅರಿತುದು ಬೇರೆ. ಮೂವತ್ತು ವರ್ಷಗಳ ಕೆಳಗೆ ಯಲ್ಲಾಪುರದ ಬಸ್ಸಿನ ನಿಲ್ದಾಣದಲ್ಲಿ ಒಬ್ಬ ಸಿದ್ದಿ ಮುದುಕಿಯನ್ನು, "ನೀವು ಯಾವ ದೇಶದವರಮ್ಮ?" ಎಂದು ಕೇಳಿದೆನು. ಆಕೆ ಅಚ್ಚಗನ್ನಡದಲ್ಲಿ, "ನಾನು ಇದೇ ಊರಿನವಳು, ನೀವು ಎಲ್ಲಿಯವರು?" ಎಂದಳು. ಅಲ್ಲಿ ಪರಸ್ಥಳದವನು ನಾನೇ ಆಗಿದ್ದೆನು! ಆ ನಾಚಿಕೆ ಇಂದಿಗೂ ಹೋಗಿಲ್ಲ.

ಸ್ವದೇಶವೆಂಬುದನ್ನು ಹಾಡಿನಲ್ಲಿ ಹೊತ್ತು ತಿರುಗಿದವರು ಬೇರೆಡೆಯೂ ಉಂಟು. ದಕ್ಷಿಣ ಆಫ್ರಿಕಾದ ಮಿರಿಯಂ ಮಕೇಬಾ 1967ರಲ್ಲಿ 'ಪಾಟಾ ಪಾಟಾ' ಎಂಬ ತನ್ನ ನಾಡಿನ ಕುಣಿತದ ಹಾಡಿನಿಂದ ಅಮೆರಿಕದಲ್ಲಿ ಮನೆಮಾತಾದಳು. ಆದರೆ 1960ರಲ್ಲಿ ತಾಯಿಯ ಅಂತ್ಯಕ್ರಿಯೆಗೆ ಹೊರಟಾಗ ತವರಿನ ಬಿಳಿಯರ ಸರ್ಕಾರವು ಆಕೆಗೆ ಪ್ರವೇಶವನ್ನೇ ನಿರಾಕರಿಸಿದ್ದಿತು; ಮರಳಿ ಆ ನೆಲವನ್ನು ಮೆಟ್ಟಿದುದು 1990ರಲ್ಲಿ.

ಹಳೆಯ ಲಯವು ಸಿನೆಮಾದ ಯಂತ್ರವಾದ್ಯಗಳೊಡನೆ ಬೆರೆತರೆ ಕೆಡದೇ ಎಂದು ಕೆಲವು ವಾಚಕರು ಕೇಳಬಹುದು. ಕೆಡುವುದೂ ಉಂಟು. ಒಡೆಯರನ್ನು ಹೊರಗೆ ನಿಲ್ಲಿಸಿ ಒಡವೆಯನ್ನು ಮಾತ್ರ ಒಯ್ದರೆ ಅದು ಕಳವು. ಅಂಗಳದ ಹೆಣ್ಣುಮಕ್ಕಳು ತಾವೇ ಬಂದು, ತಮ್ಮ ಕಂಠದಿಂದ, ತಮ್ಮ ಹೆಸರಿನಿಂದ ಹಾಡಿದರೆ ಅದು ವೃದ್ಧಿ. ನಮ್ಮ ಸಂಗೀತಕ್ಕೆ ಪಿಟೀಲು ಬಂದುದೂ ಹೊರಗಿನಿಂದಲೇ ಅಲ್ಲವೆ?

ಆದುದರಿಂದ ಗೃಹಸ್ಥರಲ್ಲಿ ನನ್ನದೊಂದು ವಿಜ್ಞಾಪನೆ. ಮನೆಯಲ್ಲಿ ಮಕ್ಕಳು ಇಂತಹ ಹಾಡನ್ನು ಹಾಕಿದಾಗ ಗದರಬೇಡಿರಿ. ಹಾಡಿದವರ ಹೆಸರನ್ನೂ ಅವರ ಊರನ್ನೂ ಮಕ್ಕಳಿಂದಲೇ ಕೇಳಿ ತಿಳಿಯಿರಿ. ಅದನ್ನರಿತ ಮಗುವು ಮುಂದೆಂದೂ ಯಾವ ನಿಲ್ದಾಣದಲ್ಲಿಯೂ, ನೆರೆಜಿಲ್ಲೆಯ ಅಕ್ಕನೊಬ್ಬಳನ್ನು "ನೀವು ಯಾವ ದೇಶದವರು?" ಎಂದು ಕೇಳಲಾರದು.