ಬಿದ್ದವನ ಮನೆಗೆ ಭೂಮಿ

ಸೊರಬ, ಶಿಕಾರಿಪುರ ಸೀಮೆಯ ಊರೂರಲ್ಲೂ ವೀರಗಲ್ಲುಗಳು ಕಾಣಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಪಕ್ಕದಲ್ಲಿ ದನಗಳ ಸಾಲು. ನಡುವೆ ವೀರನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಪಟ್ಟಿಕೆಗಳ ನಡುವಿನ ಬರಹವನ್ನೂ ಬಿಡದೆ ಓದಬೇಕು. ತುರುಗಾಳಗದಲ್ಲಿ ದನ ಬಿಡಿಸಿ ಬಿದ್ದವನ ಹೆಸರಿನ ಜೊತೆಗೆ, ಅವನ ಮನೆಯವರಿಗೆ ಬಿಟ್ಟ ಭೂಮಿಯ ವಿವರವೂ ಕೆಲವು ಕಲ್ಲುಗಳಲ್ಲಿ ಸಿಗುತ್ತದೆ. ಅದೇ ನೆತ್ತರುಗೊಡಗೆ. ಊರಿಗಾಗಿ ಸತ್ತವನ ಹೆಂಡತಿ ಮಕ್ಕಳನ್ನು ಸಾಕುವ ಹೊಣೆ ಊರಿನದು ಎಂದು ಕಲ್ಲಲ್ಲಿ ಕೊರೆಸಿಟ್ಟ ಜನ ನಮ್ಮ ಹಿರಿಯರು.

ಸೊರಬದ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ 8ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದು 1904ರಲ್ಲಿ. ಬಿದ್ದವನ ಮನೆಯ ಹೊಣೆ ಯಾರದೆಂಬ ಇದೇ ಪ್ರಶ್ನೆ ದೂರದ ಫುಟ್ಬಾಲ್ ಮೈದಾನದಲ್ಲೂ ಎದ್ದಿತ್ತು. ಅದೇ ವರ್ಷ ಇಂಗ್ಲೆಂಡಿನ ಫುಟ್ಬಾಲ್ ಪಂದ್ಯಾವಳಿ ಎಫ್.ಎ. ಕಪ್‌ನ ಫೈನಲ್‌ನಲ್ಲಿ ಪಂದ್ಯದ ಒಂದೇ ಒಂದು ಗೋಲು ಹೊಡೆದು ಮ್ಯಾಂಚೆಸ್ಟರ್ ಸಿಟಿಗೆ ಕಪ್ ಗೆದ್ದುಕೊಟ್ಟವನು ಬಿಲ್ಲಿ ಮೆರೆಡಿತ್. ವೇಲ್ಸಿನ ಚರ್ಕ್ ಬಳಿ ಬ್ಲ್ಯಾಕ್ ಪಾರ್ಕ್ ಎಂಬ ಕಲ್ಲಿದ್ದಲು ಗಣಿಯ ಊರು. ಅಲ್ಲಿ 1874ರಲ್ಲಿ ಹುಟ್ಟಿದ ಹುಡುಗ 12ನೇ ವಯಸ್ಸಿಗೇ ಗಣಿಗಿಳಿದು, ಕಲ್ಲಿದ್ದಲ ಬಂಡಿ ಎಳೆಯುವ ತಟ್ಟುಗಳನ್ನು ನಡೆಸುತ್ತಿದ್ದ. ಮೈದಾನದ ಬಲ ಅಂಚಿನಲ್ಲಿ ಬಾಯಲ್ಲೊಂದು ಹಲ್ಲುಕಡ್ಡಿ ಕಚ್ಚಿಕೊಂಡೇ ಆಡುತ್ತಿದ್ದ. ವೇಲ್ಸ್ ಪರ 48 ಪಂದ್ಯ ಆಡಿದ. 1920ರಲ್ಲಿ ಇಂಗ್ಲೆಂಡನ್ನು ಸೋಲಿಸಿದ ಕೊನೆಯ ಪಂದ್ಯದಲ್ಲಿ ಆತನಿಗೆ 45 ವರ್ಷ.

ಆ ಆಟಕ್ಕಿಂತ ದೊಡ್ಡದು ಆತ ಹೂಡಿದ ಹೋರಾಟ. ಜನ ಕಿಕ್ಕಿರಿದು ಟಿಕೆಟ್ ಕೊಳ್ಳುತ್ತಿದ್ದ ಕಾಲದಲ್ಲಿ ಆಟಗಾರನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಕಟ್ಟಳೆ ಇತ್ತು. ಮೆರೆಡಿತ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ಮೇಲೆ, 1907ರ ಏಪ್ರಿಲ್‌ನಲ್ಲಿ, ಅದೇ ಕ್ಲಬ್ಬಿನ ಟಾಮಿ ಬ್ಲ್ಯಾಕ್‌ಸ್ಟಾಕ್ ಮೀಸಲು ತಂಡದ ಪಂದ್ಯದಲ್ಲಿ ಚೆಂಡಿಗೆ ತಲೆಕೊಟ್ಟವನು ಕುಸಿದು ತೀರಿಕೊಂಡ. ಮನೆಯವರಿಗೆ ಪರಿಹಾರ ಸಿಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮೆರೆಡಿತ್ ಮುಂದೆ ನಿಂತು ಆಟಗಾರರ ಸಂಘ ಕಟ್ಟಿದ. 1909ರಲ್ಲಿ, ಸಂಘ ಬಿಡದಿದ್ದರೆ ಆಟವೇ ಇಲ್ಲವೆಂದು ಫುಟ್ಬಾಲ್ ಸಂಸ್ಥೆ ಬೆದರಿಸಿತು. ಬೇರೆ ಕ್ಲಬ್ಬುಗಳ ಹಲವರು ಹಿಂಜರಿದರೂ ಯುನೈಟೆಡ್ ಆಟಗಾರರು ಜಗ್ಗಲಿಲ್ಲ. ಕೊನೆಗೆ ಸಂಘಕ್ಕೆ ಮಾನ್ಯತೆ ಸಿಕ್ಕಿತು. ಕೂಲಿಯ ಮಿತಿ ತೊಲಗಲು ಮಾತ್ರ 1961 ಬರಬೇಕಾಯಿತು. ಮೆರೆಡಿತ್ 1958ರಲ್ಲೇ ತೀರಿಕೊಂಡಿದ್ದ. ಆತನ ಸಮಾಧಿಗೆ ಹೆಸರಿನ ಕಲ್ಲು ನಿಂತದ್ದು 2001ರಲ್ಲಿ. ಆತನಿಂದ ಹೆಸರು, ಹಣ ಎರಡೂ ಪಡೆದ ಕ್ಲಬ್ಬುಗಳು 43 ವರ್ಷ ತಡಮಾಡಿದ್ದು ಅನ್ಯಾಯ.

ಬಿದ್ದವನ ಮನೆಯ ಪ್ರಶ್ನೆ ನಮ್ಮಲ್ಲಿ ಇಂದಿಗೂ ಇದೆ. ದೀಪಾವಳಿ ಕಳೆದರೆ ನಮ್ಮ ತಾಲ್ಲೂಕುಗಳಲ್ಲಿ ಹೋರಿ ಹಬ್ಬ. ಕೊಬ್ಬರಿ ಸರ ಕಟ್ಟಿದ ಹೋರಿಯ ಮೇಲೆ ಬೀಳುವ ಹುಡುಗರು ಬೇಸಾಯ, ಕೂಲಿ ಮಾಡಿ ಬದುಕುವ ಮನೆಗಳವರು. ಹೋರಿ ತಿವಿದು ಸತ್ತವರ ಸುದ್ದಿಯನ್ನೂ ಓದಿದ್ದೇವೆ. ಹಬ್ಬ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಅದು ಈ ನೆಲದ ರೈತರ ಸಂಭ್ರಮ. ಸಮಿತಿಯವರಲ್ಲಿ ನನ್ನದೊಂದು ಕೋರಿಕೆ: ಬಹುಮಾನ ಸಾರುವ ಮುನ್ನ ಅಖಾಡಕ್ಕಿಳಿಯುವ ಪ್ರತಿ ಹುಡುಗನ ಹೆಸರು ಬರೆದುಕೊಳ್ಳಿ, ವಿಮೆ ಮಾಡಿಸಿ, ಆ ಚೀಟಿಯನ್ನು ಅವನ ತಾಯಿಯ ಕೈಗೆ ಕೊಡಿ.