ವಾಸನೆ ಮರಳಲು ನಿತ್ಯದ ಅಭ್ಯಾಸ

ಕಣ್ಣು ಮಂಜಾದರೆ ವೈದ್ಯರಲ್ಲಿಗೆ ಧಾವಿಸುತ್ತೇವೆ. ಕಿವಿ ಮಂದವಾದರೆ ಮನೆಮಂದಿಯೆಲ್ಲ ಚಿಂತಿಸುತ್ತಾರೆ. ಮೂಗು ವಾಸನೆ ಹಿಡಿಯದಾದರೆ ಮಾತ್ರ ‘ನೆಗಡಿಯಲ್ಲವೇ, ತಾನಾಗಿ ಹೋಗುತ್ತದೆ’ ಎಂದು ಸುಮ್ಮನಾಗುತ್ತೇವೆ. ಈ ಉದಾಸೀನ ತರವಲ್ಲವೆಂಬುದು ನಮ್ಮ ಅಭಿಪ್ರಾಯ.

2020ರಲ್ಲಿ ಕೋವಿಡ್ ಹಬ್ಬಿದಾಗ ಈ ತೊಂದರೆ ಮನೆಮನೆಗೂ ಪರಿಚಯವಾಯಿತು. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿಯೇ ವಾಸನೆ ಮರಳಿತು. ಕೆಲವರಿಗೆ ವರ್ಷಗಳು ಕಳೆದರೂ ಪೂರ್ಣವಾಗಿ ಮರಳಲಿಲ್ಲ. ಅಂಥವರಿಗೆ ಊಟ ರುಚಿಸದು, ಅನ್ನ ಹಳಸಿದ್ದು ತಿಳಿಯದು. ಅಡುಗೆ ಅನಿಲ ಸೋರಿದರೆ ತಿಳಿಯಲೆಂದೇ ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಅದೂ ಇವರ ಅರಿವಿಗೆ ಬಾರದು. ಆದುದರಿಂದ ಇದು ಕೇವಲ ರುಚಿಯ ಮಾತಲ್ಲ, ಪ್ರಾಣದ ಮಾತೂ ಹೌದು.

ಮೂಗಿನ ಒಳಗೆ, ಮೇಲ್ಭಾಗದ ತೆಳುವಾದ ಪದರದಲ್ಲಿ ವಾಸನೆಯನ್ನು ಗ್ರಹಿಸುವ ನರಕೋಶಗಳಿವೆ. ವೈರಾಣುಗಳು ಈ ಪದರಕ್ಕೆ ಹಾನಿ ಮಾಡುತ್ತವೆ. ಆದರೆ ಈ ಕೋಶಗಳಿಗೆ ಮರಳಿ ಹುಟ್ಟುವ ಶಕ್ತಿಯಿದೆ. ನಮ್ಮ ಭರವಸೆಗೆ ಆಧಾರವೂ ಅದೇ.

2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ವೈದ್ಯ ಥಾಮಸ್ ಹಮ್ಮೆಲ್ ಮತ್ತು ಸಂಗಡಿಗರು ಒಂದು ಸರಳ ಅಭ್ಯಾಸವನ್ನು ಪರೀಕ್ಷಿಸಿ ಪ್ರಕಟಿಸಿದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ಪರಿಮಳಗಳನ್ನು ದಿನಕ್ಕೆ ಎರಡು ಬಾರಿ, 12 ವಾರಗಳ ಕಾಲ ಮೂಸುವುದೇ ಆ ಅಭ್ಯಾಸ. ಮಾಡದವರಿಗಿಂತ ಮಾಡಿದವರಲ್ಲಿ ಹೆಚ್ಚಿನ ಸುಧಾರಣೆ ಕಂಡುಬಂದಿತು. ಇವು ನಮಗೆ ಅಪರೂಪದ ವಸ್ತುಗಳಲ್ಲ. ಒಂದೊಂದನ್ನೂ 10ರಿಂದ 20 ಸೆಕೆಂಡು ಮೆಲ್ಲಗೆ ಮೂಸುತ್ತ, ಅದರ ಹಿಂದಿನ ಪರಿಮಳವನ್ನು ಮನಸ್ಸಿನಲ್ಲಿ ನೆನೆಯಬೇಕು. ನೀಲಗಿರಿ ಎಣ್ಣೆಯನ್ನು ಹತ್ತಿಗೆ ತಾಕಿಸಿ ದೂರದಿಂದ ಮೂಸಬೇಕೇ ಹೊರತು ಮೂಗಿಗೆ ಹಾಕಬಾರದು. ಒಂದು ವಾರ ಮಾಡಿ ಕೈಬಿಟ್ಟರೆ ಫಲವಿಲ್ಲ. ಹಲವು ತಿಂಗಳು ಮುಂದುವರಿಸಬೇಕಾಗಬಹುದು. ನಡುವೆ ಕಾಫಿ, ಈರುಳ್ಳಿಗಳು ಸುಟ್ಟಂತೆ, ಕೊಳೆತಂತೆ ನಾರಿದರೆ ಎದೆಗುಂದಬೇಕಿಲ್ಲ. ಚೇತರಿಕೆಯ ಹಾದಿಯಲ್ಲಿ ಹಲವರಿಗೆ ಹೀಗಾಗುತ್ತದೆ.

ಎಲ್ಲರಿಗೂ ಪೂರ್ಣ ಗುಣವಾಗುತ್ತದೆಂದು ನಾವು ಹೇಳುವುದಿಲ್ಲ. ಆದರೆ ಕಂಡಕಂಡ ಎಣ್ಣೆಯನ್ನು ಮೂಗಿಗೆ ಬಿಡುವುದು, ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗುವುದು ಅಪಾಯಕರ. ಕೆಲವು ವಾರಗಳಾದರೂ ವಾಸನೆ ಮರಳದಿದ್ದರೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಬೇಕು. ಒಂದೇ ಹೊಳ್ಳೆ ಕಟ್ಟಿ ರಕ್ತ ಸೋರಿದರೆ ಅಥವಾ ತಲೆಗೆ ಪೆಟ್ಟು ಬಿದ್ದ ಮೇಲೆ ವಾಸನೆ ಹೋದರೆ ತಡಮಾಡಲೇಬಾರದು.

ಮನೆಯವರ ಹೊಣೆಯೂ ಇದೆ. ‘ಸಾರಿಗೆ ರುಚಿಯೇ ಇಲ್ಲ’ ಎನ್ನುವ ಅಜ್ಜಿಯ ಮಾತನ್ನು ದೂರೆಂದು ತಿಳಿಯದೆ ‘ವಾಸನೆ ಬರುತ್ತಿದೆಯೇ?’ ಎಂದೊಮ್ಮೆ ಕೇಳೋಣ. ಮಲಗುವ ಮುನ್ನ ಅನಿಲದ ಕೀಲಿಯನ್ನು ಅವರ ಪರವಾಗಿ ನಾವೇ ನೋಡೋಣ. ಲವಂಗದ ಡಬ್ಬಿಯನ್ನು ಅವರ ಕೈಗಿತ್ತು, ದಿನಕ್ಕೆರಡು ಬಾರಿ ಜೊತೆಗೆ ಕೂರೋಣ.